ನಾದಿನಿಯ ಕಾಲು ಮತ್ತು ಅರ್ಧ ಓದಿದ ಕಾದಂಬರಿ

ಬೀದರಿನ ಧಾನ್ಯಪೇಟೆ ಗಾಂಧಿ ಗಂಜಿನಲ್ಲಿ ನಮ್ಮ ಯಜಮಾನರದು ಬೇಳೆಯ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಅವರ ಕಣ್ಣ ಮುಂದೆ ಹಮಾಲರು ಚೀಲ ಹೊರುತ್ತಾರೆ, ಇಳಿಸುತ್ತಾರೆ, ನಗುತ್ತಾರೆ, ಮತ್ತೆ ಹೊರುತ್ತಾರೆ. ಅಂಥವರ ಹೆಂಡತಿಯಾದ ನಾನು ಮನೆಗೆ ಬಂದಿದ್ದ ಒಂದೇ ಒಂದು ಜೋಳದ ಚೀಲ ಎಳೆಯಲು ಹೋಗಿ ಬೆನ್ನು ಕೆಡಿಸಿಕೊಂಡೆ. ಸಂಜೆ ಹಮಾಲ ಬಂದು ಒಳಗಿಡುತ್ತಾನೆ, ಅಲ್ಲಿಯವರೆಗೆ ತಡಿ ಎಂದು ಅತ್ತೆ ಹೇಳಿದ್ದರು. ಯಾರಾದರೂ ತಡಿ ಅಂದರೆ ನನಗೆ ಮೂಗಿನ ತುದಿಗೆ ಸಿಟ್ಟು. ಆ ಸಿಟ್ಟಿನಲ್ಲೇ ಎಳೆದೆ. ಚೀಲ ಇದ್ದಲ್ಲೇ ಇತ್ತು, ನಾನು ಅದರ ಪಕ್ಕದಲ್ಲಿ ಬಿದ್ದಿದ್ದೆ.

"ಗಂಜಿನಾಗ ಯಾರಿಗೂ ಹೇಳಬ್ಯಾಡ," ಎಂದರು ಯಜಮಾನರು. "ಒಂದ ಚೀಲಕ್ಕ ಬಿದ್ದಾಳಂತ ಹಮಾಲರು ನಗ್ತಾರ."

ಡಿಸ್ಕ್ ಜರುಗಿದೆ ಎಂದರು ಡಾಕ್ಟರು. ಬಗ್ಗಬಾರದು, ಭಾರ ಎತ್ತಬಾರದು, ಸಿಕ್ಕಸಿಕ್ಕವರ ಕೈಗೆ ಬೆನ್ನು ಕೊಡಬಾರದು, ಕೆಲವು ವಾರ ಮಲಗಿಯೇ ಇರಬೇಕು. ಕೊನೆಯ ಮಾತನ್ನು ನಾನು ಕಿವಿ ಕೇಳದವಳ ಹಾಗೆ ಮತ್ತೊಮ್ಮೆ ಹೇಳಿಸಿದೆ. ಪಕ್ಕದಲ್ಲಿ ನಿಂತ ಅತ್ತೆಗೂ ಸರಿಯಾಗಿ ಕೇಳಬೇಕಲ್ಲ.

ಚಿದ್ರಿಯ ನಮ್ಮ ಮನೆಯ ನಡುಕೋಣೆಯಲ್ಲಿ, ಟಿವಿಗೆ ಎದುರಾಗಿ, ಅಗಲವಾದ ಸಾಗವಾನಿ ಮಂಚ ಇದೆ. ಅತ್ತೆ ಮದುವೆಯಾಗಿ ಬರುವಾಗ ಔರಾದಿನ ತವರಿನಿಂದ ಬಂದ ಮಂಚ. ಹಲಗೆ ಗಟ್ಟಿ ಇದೆ, ಬೆನ್ನಿಗೆ ಒಳ್ಳೆಯದು ಎಂದು ನನ್ನನ್ನು ಅದರ ಮೇಲೆ ಮಲಗಿಸಿದರು. ನಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿದೆ. ಮೊದಲ ದಿನ ನೋವಿಗೆ ಅತ್ತುಬಿಟ್ಟೆ. ಮೂರನೆಯ ದಿನಕ್ಕೆ ಒಂದು ವಿಷಯ ತಿಳಿಯಿತು: ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರು, ಕಾಲು ಚಾಚಿಕೊಂಡು ಪುಸ್ತಕ ಓದಿದ್ದು ಅದೇ ಮೊದಲು. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಸಂತೋಷವಾಗಿತ್ತು.

ಪುಸ್ತಕ ತರುವ ಕೆಲಸ ಯಜಮಾನರದು. ಅವರು ಗ್ರಂಥಾಲಯಕ್ಕೆ ಹೋದದ್ದೂ ಗಂಜಿನವರ ಹಾಗೆಯೇ. ತೊಗರಿ ಚೀಲಕ್ಕೆ ಚುಚ್ಚಿ ನಡುವಿನಿಂದ ನಾಲ್ಕು ಕಾಳು ತೆಗೆದು ನೋಡುವಂತೆ, ಪುಸ್ತಕವನ್ನು ನಡುವೆ ತೆರೆದು ಎರಡು ಸಾಲು ಓದಿ, ಕೈಯಲ್ಲಿ ತೂಗಿ ನೋಡಿ ತರುತ್ತಿದ್ದರು. ಹೀಗಾಗಿ ತೆಳ್ಳಗಿನ ಪುಸ್ತಕ ಒಂದೂ ಮನೆಗೆ ಬರಲಿಲ್ಲ. ಒಮ್ಮೆ ಹೋಮಿಯೋಪತಿಯ ಮೇಲೊಂದು ಗ್ರಂಥ ಬಂತು. ಇನ್ನೊಮ್ಮೆ, ನನ್ನ ಪುಣ್ಯ, ಹೋಟೆಲ್ ಮಾಲೀಕನೊಬ್ಬನ ಕೊಲೆಯ ದಪ್ಪ ಕಾದಂಬರಿ ಬಂತು. ಪಾಠ ಮಾಡಿ ಮಾಡಿ ಬಂದ ಚಟ, ನನಗೆ ಬಾಯಿಬಿಟ್ಟು ಓದಿದರೇ ರುಚಿ. ಅತ್ತೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸದ್ದು ಮಾಡಿ ಇಡುತ್ತಿದ್ದರು. ಕೊಲೆಯ ಹತ್ತಿರ ಬಂದಾಗ ಮಾತ್ರ ಆ ಸದ್ದು ನಿಲ್ಲುತ್ತಿತ್ತು.

ಮಧ್ಯಾಹ್ನ ಟಿವಿ ಅವರದು. ಔರಾದಿನವರಿಗೆ ಮರಾಠಿ ಮನೆಮಾತಿನಷ್ಟೇ ಸಲೀಸು, ಧಾರಾವಾಹಿಯೂ ಮರಾಠಿಯದೇ ಬೇಕು. ಅದರಲ್ಲಿ ಒಬ್ಬ ಅತ್ತೆ ಸೊಸೆಗೆ ಊಟ ಕೊಡದೆ ಕಾಡುತ್ತಿದ್ದಳು. ನಮ್ಮ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಇಂಥಾ ಅತ್ತಿ ವೈರಿಗೂ ಬ್ಯಾಡ," ಎನ್ನುವರು. ಜಾಹೀರಾತು ಬಂದ ಕೂಡಲೇ ನನ್ನ ಕಡೆ ತಿರುಗಿ, "ಇನ್ನಾ ಎಷ್ಟ ದಿನಾ ಮಲಗಾಕಿ?" ಎನ್ನುವರು. ಏಳುವಾಗ ಬಾಗಿಲ ಚೌಕಟ್ಟು ಹಿಡಿದು "ಅಯ್ಯವ್ವಾ" ಎಂದು ನರಳುವರು. ಅದು ನನಗೆ ಕೇಳಿಸಲೆಂದೇ ಎಂದು ನಾನು ತಿಳಿದಿದ್ದೆ. ಕೇಳಿಸದವಳಂತೆ ಹಾಳೆ ತಿರುವುತ್ತಿದ್ದೆ.

ಹೋಟೆಲ್ ಮಾಲೀಕನ ತಮ್ಮನ ಮೇಲೆ ನನಗೆ ಗುಮಾನಿ ಬಂದ ದಿನವೇ ಅತ್ತೆ ಫೋನ್ ಎತ್ತಿಕೊಂಡು ಮಗಳಿಗೆ ಹೇಳಿದ್ದು ಕೇಳಿತು. "ಡಾಕ್ಟರ್ ಕಡಿಂದ ಆಗೂದಲ್ಲ ಇದು. ನೀ ಬಂದು ಕಾಲ ಹಚ್ಚು. ಎದ್ದು ಕುಂಡ್ರತಾಳ."

ನಾನು ಪುಸ್ತಕ ಮುಚ್ಚಿದೆ.

ಹುಟ್ಟುವಾಗ ತಲೆಯ ಬದಲು ಕಾಲು ಮುಂದೆ ಮಾಡಿ ಬಂದವರನ್ನು ನಮ್ಮ ಕಡೆ ಪಾಯಾಳು ಅನ್ನುತ್ತಾರೆ. ಅವರ ಕಾಲು ತಾಗಿದರೆ ಎಂಥ ಉಳುಕೂ ಹೋಗುತ್ತದೆ ಎಂಬ ನಂಬಿಕೆ. ಹಲಬರ್ಗಾಕ್ಕೆ ಕೊಟ್ಟ ನನ್ನ ನಾದಿನಿ ಪಾಯಾಳು. ಭಾಲ್ಕಿಯಿಂದ ಔರಾದಿನವರೆಗೆ ನಡ ಹಿಡಿದವರು, ಎಂದರೆ ಸೊಂಟ ಉಳುಕಿದವರು, ಅವಳ ಅಂಗಳಕ್ಕೆ ಬರುತ್ತಾರೆ. ಹತ್ತು ಮಂದಿಯ ನಡುವೆ ಅತ್ತೆ ತಲೆ ಎತ್ತಿ ಮಾತಾಡುವುದು ಒಂದೇ ವಿಷಯ, ಮಗಳ ಕಾಲು. ಈಗ ಆ ಕಾಲು ನನ್ನ ಬೆನ್ನಿಗೆ ಬರುವುದಿತ್ತು. ವಾಸಿಯಾಯಿತು ಅಂದರೆ ಅಡುಗೆಮನೆ, ಶಾಲೆ, ಎರಡೂ ಅವತ್ತೇ ಶುರು, ಕಾದಂಬರಿ ಗೋವಿಂದ. ವಾಸಿಯಾಗಲಿಲ್ಲ ಅಂದರೆ ಮಗಳ ಕಾಲಿನ ಮರ್ಯಾದೆ ಹೋಯಿತು, ಆಮೇಲೆ ಅತ್ತೆಯ ಜೊತೆ ಒಂದೇ ಮನೆಯಲ್ಲಿ ಬದುಕುವುದು ಕಷ್ಟ. ಅತ್ತ ದರಿ, ಇತ್ತ ಪುಲಿ.

ನಾದಿನಿ ಬೆಳಗಿನ ಬಸ್ಸಿಗೇ ಬಂದಳು. ವೈನಿಯ, ಅಂದರೆ ಅತ್ತಿಗೆಯ, ಬೆನ್ನಿಗೆ ಒದೆಯಲು ಯಾವ ನಾದಿನಿಗೆ ಬೇಡ? ಆದರೂ ಅವಳ ಮುಖದಲ್ಲಿ ಅಂಥ ಉತ್ಸಾಹ ಕಾಣಲಿಲ್ಲ. ಕಾಲು ತೊಳೆದು, ಎಣ್ಣೆ ಹಚ್ಚಿ, ಗೋಡೆ ಹಿಡಿದು ಒಂದು ಕಾಲಿನ ಮೇಲೆ ನಿಂತಳು. ನಾನು ಬೋರಲಾಗಿ ಮಲಗಿ, ಡಾಕ್ಟರ ಮಾತು ನೆನೆದು, ಹಲ್ಲು ಕಚ್ಚಿಕೊಂಡೆ. ಅವಳು ಒದೆಯಲಿಲ್ಲ, ಒತ್ತಲೂ ಇಲ್ಲ. ಬೆಚ್ಚಗಿನ ಅಂಗಾಲು ಸೀರೆಗೆ ತಾಗಿತೋ ಇಲ್ಲವೋ ಅನ್ನುವಷ್ಟೇ ಇಟ್ಟು ತೆಗೆದಳು.

"ಹ್ಯಾಂಗದ ಈಗ?" ಅತ್ತೆ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಅರ್ಧಾ ಹೋದಂಗ ಅನಸ್ತದರಿ ಅತ್ತಿ."

"ಅರ್ಧಾ? ನನ್ನ ಮಗಳ ಕಾಲ ಎಂದೂ ಅರ್ಧಾ ಕೆಲಸ ಮಾಡಿಲ್ಲ!"

ಆಗ ನಾದಿನಿ ಗಂಭೀರವಾಗಿ ಬಾಯಿ ಹಾಕಿದಳು. "ಅವ್ವಾ, ಇದು ಹಟಮಾರಿ ಉಳುಕದ. ವೈನಿ ಸ್ವಭಾವ ಗೊತ್ತದಲ್ಲ, ಉಳುಕೂ ಹಂಗೇ ಅದ. ದಿನಾ ಮುಂಜಾನಿ ಹಚ್ಚಬೇಕಾಗ್ತದ. ನಾ ಇಲ್ಲೇ ಇರ್ತೇನಿ. ಅಲ್ಲಿ ತನಕ ಇವರು ಏಳಬಾರದು."

ಬೈದಳೋ ಉಳಿಸಿದಳೋ ತಿಳಿಯಲಿಲ್ಲ. ಉಳಿಸಿದಳು ಎಂದೇ ಇಟ್ಟುಕೊಂಡೆ.

ಊಟದ ಹೊತ್ತಾದ ಮೇಲೆ ಅವಳು ಮಂಚದ ಪಕ್ಕ ನೆಲದ ಮೇಲೆ ಕೂತು ಟಿವಿ ನೋಡತೊಡಗಿದಳು. ಅತ್ತೆಯ ಧಾರಾವಾಹಿ ಮುಗಿದಿತ್ತು, ಈಗ ಅಡುಗೆ ಸ್ಪರ್ಧೆಯ ಕಾರ್ಯಕ್ರಮ. ನಾವು ಎಂದೂ ತಿನ್ನದ ತಿಂಡಿಗಳಿಗೆ ನಾವಿಬ್ಬರೂ ಅಂಕ ಕೊಟ್ಟೆವು. ಕಿರೀಟದಂಥ ಟೊಪ್ಪಿಗೆಯ ಬಾಣಸಿಗನೊಬ್ಬ ರೊಟ್ಟಿಯನ್ನು ಕತ್ತರಿಯಿಂದ ಕತ್ತರಿಸಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ನೀರಿಗೆಂದು ಏಳಹೋದವಳು ಅರ್ಧಕ್ಕೇ ನಿಂತಳು. ಒಂದು ಕೈ ಮಂಚದ ಕಾಲಿನ ಮೇಲೆ, ಇನ್ನೊಂದು ಸೊಂಟದ ಮೇಲೆ. ಆ ಭಂಗಿ ನನಗೆ ಚೆನ್ನಾಗಿ ಗೊತ್ತಿತ್ತು.

"ನಿನಗೂ ನಡಾ ನೋಯ್ತದೇನವ್ವಾ?"

"ಸಾವಕಾಶ ಅನ್ರಿ ವೈನಿ, ಅವ್ವಗ ಕೇಳಸ್ತದ." ಅವಳು ಅಡುಗೆಮನೆಯ ಕಡೆ ನೋಡಿದಳು. "ಒಂದ ಕಾಲ ಮ್ಯಾಲ ನಿಂತು ಊರ ಮಂದಿ ನಡಕ್ಕೆಲ್ಲಾ ಕಾಲ ಹಚ್ಚಿ ಹಚ್ಚಿ ನಂದೇ ಹೋಗ್ಯಾದ. ಪಾಯಾಳುಂದು ನಡಾ ಹಿಡದದಂದ್ರ ಯಾರು ನಂಬ್ತಾರ್ರಿ? ನಂದು ಯಾರ ಕಡಿ ತೋರಸ್ಲಿ?"

ಮೊದಲು ನಗು ಬಂತು. ಅವಳೂ ನಕ್ಕಳು. ಆಮೇಲೆ ಅವಳ ಕಣ್ಣು ತುಂಬಿತು, ನನಗೆ ಅವಳ ಮೇಲೆ ಎಂದೂ ಇಲ್ಲದ ಅಕ್ಕರೆ ಬಂತು. ಸರಿದು ಮಂಚದ ಮೇಲೆ ಜಾಗ ಮಾಡಿದೆ. ನಾಳೆ ನನ್ನ ಡಾಕ್ಟರ ಹತ್ತಿರವೇ ಕಳಿಸುತ್ತೇನೆ, ಇವತ್ತು ಮಲಗು ಎಂದೆ. ಅತ್ತೆ ಕೇಳಿದರೆ ಹೇಳಲು ಒಂದು ಶಾಸ್ತ್ರವನ್ನೂ ಅಲ್ಲೇ ಹುಟ್ಟಿಸಿದೆ: ಕಾಲು ಹಚ್ಚಿದವಳು ಉಳುಕಿನವಳ ಪಕ್ಕ ಮಲಗದಿದ್ದರೆ ಗುಣ ನಿಲ್ಲುವುದಿಲ್ಲ. ಅವಳು ಮಲಗಿದಳು. ನಾನು ಕಾದಂಬರಿ ತೆರೆದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ನಾನು ಶಾಸ್ತ್ರ ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ಎಲ್ಲಾ ಕೇಳೇನಿ. ನೀ ಕಾಲ ಮುಂದ ಮಾಡಿ ಬಂದಿ," ಎಂದರು ಮಗಳಿಗೆ. "ಎರಡ ದಿನಾ ಒದ್ದಾಡಿ ಹಡದೇನಿ. ಮನಿ ತುಂಬ ಮಂದಿ ನಿನ್ನ ಕಾಲ ನೋಡಿ ಹೋದ್ರು. ನನ್ನ ನಡಾ ಅವತ್ತ ಹೋಗಿದ್ದು, ಇವತ್ತಿನ ತನಕ ಬಂದಿಲ್ಲ. ಹ್ಯಾಂಗದ ಅಂತ ಯಾರೂ ಕೇಳಿಲ್ಲ."

ಚೌಕಟ್ಟು ಹಿಡಿದು ನರಳಿದ್ದೆಲ್ಲ ನನ್ನ ಕಿವಿಯಲ್ಲಿ ಮತ್ತೊಮ್ಮೆ ಕೇಳಿಸಿತು. ಅತ್ತೀ ಎಂದೆ.

"ಸರೀರಿ ಅತ್ತಾಗ," ಎಂದರು ಅವರು. "ಮಂಚ ನಂದದ."

ಸರಿದೆವು. ಅತ್ತೆ ಅಂಚಿಗೆ ಮಲಗಿ, ಕಾಲು ಚಾಚಿ, ಉಸಿರು ಬಿಟ್ಟರು.

"ಓದು," ಎಂದರು. "ಆ ಹೋಟೆಲಿನಾಂವನ್ನ ಅವನ ತಮ್ಮ ಕೊಂದಿಲ್ಲ, ಹೆಂಡ್ತೀನೇ ಕೊಂದಾಳ ನೋಡು."

ಕೊಲೆಗಾತಿ ಸಿಕ್ಕಿಬೀಳುವ ಹೊತ್ತಿಗೆ ಯಜಮಾನರು ಗಂಜಿನಿಂದ ಬಂದರು. ಚಪ್ಪಲಿ ಬಿಡುತ್ತಲೇ ಮಂಚದ ತುಂಬ ಸಾಲಾಗಿ ಮಲಗಿದ್ದ ನಮ್ಮನ್ನು ನೋಡಿ ಅಲ್ಲೇ ನಿಂತರು.

"ಏನಾತು? ಯಾರ ನಡಾ ಹೋಗ್ಯಾದ?"

"ಎಲ್ಲಾರದೂ," ಎಂದರು ಅತ್ತೆ, ಪುಸ್ತಕದಿಂದ ಕಣ್ಣು ತೆಗೆಯದೆ. "ಚಹಾ ಇಡು ಹೋಗು."