ದುಪಾರಿ ಹೂವಿನ ಗಿಡಕ್ಕೆ ಬಿದ್ದ ನೀರು

ನನ್ನನ್ನು ಕೊಟ್ಟದ್ದು ತಾಂಡೂರಿಗೆ. ಆ ಮನೆಯಲ್ಲಿ ಮಣ್ಣು ಅನ್ನುವುದು ಕಣ್ಣಿಗೆ ಬೀಳುತ್ತಿರಲಿಲ್ಲ. ಪಡಸಾಲೆಗೆ ಫರಸಿ, ಅಂಗಳಕ್ಕೆ ಫರಸಿ, ಮಾಳಿಗೆಯ ಮೇಲೂ ಫರಸಿ. ಊರ ಸುತ್ತಿನ ಗಣಿಗಳಿಂದ ಬಂಡಿಗಟ್ಟಲೆ ಹಾಸುಗಲ್ಲು ತರಿಸಿ, ಒಂದು ಹುಲ್ಲುಕಡ್ಡಿಯೂ ತಲೆ ಎತ್ತದ ಹಾಗೆ ಮಾವನ ತಂದೆ ಹಾಸಿಸಿದ್ದರಂತೆ. ನಾನು ನಾಗಲಗಿದ್ದದ ಕಡೆಯ ಹಳ್ಳಿಯವಳು. ತವರಿನಲ್ಲಿ ಹೊಸ್ತಿಲು ದಾಟಿದರೆ ಮಣ್ಣು ಕಾಲಿಗೆ ಮೆತ್ತುತ್ತಿತ್ತು. ಇಲ್ಲಿ ಬರಿಗಾಲಿಗೆ ಕಲ್ಲು ಬೆಳಿಗ್ಗೆ ತಣ್ಣಗೆ, ಮಧ್ಯಾಹ್ನ ಸುಡುಸುಡು. ಬೇರೇನೂ ಇಲ್ಲ.

ಮಾವ ತೊಗರಿಯ ವ್ಯಾಪಾರಿ. ಮಾಲು ಕಳಿಸಲು ಸ್ಟೇಷನ್ನಿಗೆ ಹೋಗಿಬರುತ್ತಿದ್ದರು, ಹಾಗಾಗಿ ಸ್ಟೇಷನ್ ಮಾಸ್ತರರ ಮನೆಯವರ ಪರಿಚಯವಿತ್ತು. ಮಾಸ್ತರರ ಹೆಂಡತಿ ಒಂದು ದಿನ ಪರದೆ ಕಟ್ಟಿದ ಟಾಂಗಾದಲ್ಲಿ ಹೊಸ ಸೊಸೆಯನ್ನು ನೋಡಲು ಬಂದರು. ನಮ್ಮ ಮನೆಯಲ್ಲಿ ಅವರನ್ನು ಬೇಗಂ ಅನ್ನುತ್ತಿದ್ದರು. ತಾಂಡೂರು ಹೇಗನಿಸಿತು ಎಂದು ಕೇಳಿದರು. ನನ್ನ ಹರಕುಮುರುಕು ದಖ್ಖನಿಯಲ್ಲಿ, ಸ್ಟೇಷನ್ನಿನಲ್ಲಿ ಡಬ್ಬಿಗಳಿಂದ ಜೋತುಬಿದ್ದ ಹೂವು ಚಂದ ಇದ್ದವು ಎಂದೆ. ಬೇಗಂ ನಕ್ಕರು. ಅವನ್ನು ನೆಟ್ಟವರು ಅವರೇ ಅಂತೆ.

ಮುಂದಿನ ವಾರ ಹಮಾಲನ ಕೈಯಲ್ಲಿ ಒಂದು ಗಿಡ ಕಳಿಸಿದರು. ಅರ್ಧಕ್ಕೆ ಕತ್ತರಿಸಿದ ಸೀಮೆಎಣ್ಣೆ ಡಬ್ಬಿಯಲ್ಲಿ ಮರಳು ಮಣ್ಣು, ಅದರ ಅಂಚಿನಿಂದ ಇಳಿಬಿದ್ದ ಕೆಂಪುಮಿಶ್ರಿತ ದಂಟುಗಳು, ದಂಟಿನ ತುಂಬ ಅಕ್ಕಿಕಾಳಿನ ಹಾಗೆ ಉಬ್ಬಿದ ಎಲೆಗಳು. ಉಗುರು ತಾಗಿಸಿದರೆ ನೀರು ಚಿಮ್ಮುತ್ತಿತ್ತು. ಜೊತೆಗೆ ಒಂದು ಮಾತನ್ನೂ ಹೇಳಿಕಳಿಸಿದ್ದರು: ಬಿಸಿಲು ಜಾಸ್ತಿ, ನೀರು ಕಡಿಮೆ, ಎಲೆ ಸುಕ್ಕುಗಟ್ಟಿದ ಮೇಲೆಯೇ ನೀರು.

ಅತ್ತೆ ಬಗ್ಗಿ ನೋಡಿದರು. "ಇದು ಹೊಲದಾಗ ತಾನೇ ಬೆಳಿಯೋ ಗೋಳಿಪಲ್ಯದ ಜಾತಿನೇ ಅದ. ಇದನ್ನ ಡಬ್ಬ್ಯಾಗ ಹಾಕಿ ಸಾಕತಾರೇನು?"

ಆದರೂ ಬೇಡ ಎನ್ನಲಿಲ್ಲ. ಮೊಸರಿನ ಗಡಿಗೆ ಇಡುವ ಒಂದು ಹಳೆಯ ನೆಲುವಿನಲ್ಲಿ ಡಬ್ಬಿಯನ್ನು ಕೂಡಿಸಿ, ಅಂಗಳದ ಅಂಚಿನ ಕಂಬದ ಮೊಳೆಗೆ ತೂಗುಹಾಕಿದರು. ಡಬ್ಬಿ ನನ್ನ ಎದೆಯ ಮಟ್ಟಕ್ಕೆ ಬಂತು. ಅದೇ ತಪ್ಪಾಯಿತು.

ದಂಟುಗಳು ನೆಲದ ಕಡೆಗೆ ಚೆನ್ನಾಗಿಯೇ ಇಳಿದವು. ತುದಿಗಳಲ್ಲಿ ಮೊಗ್ಗಿನ ಗುರುತೂ ಕಂಡಿತು. ನಾನು ಹನಿ ನೀರು ಹಾಕಿರಲಿಲ್ಲ, ಎಲೆ ಸುಕ್ಕಾಗಲಿ ಎಂದು ಕಾಯುತ್ತಿದ್ದೆ. ಎಲೆ ಸುಕ್ಕಾಗಲಿಲ್ಲ. ಬದಲಿಗೆ ಬುಡದ ದಂಟು ಗಾಜಿನ ಹಾಗೆ ಬೆಳ್ಳಗಾಗಿ, ಮುಟ್ಟಿದರೆ ಬೆರಳಿಗೆ ಅಂಟಿಕೊಂಡು ಬಂತು. ಮಣ್ಣಿಗೆ ಕೈ ಹಾಕಿದರೆ ಕೆಸರು. ಮಳೆಯಿಲ್ಲ, ಮಂಜಿಲ್ಲ, ಇಷ್ಟು ನೀರು ಎಲ್ಲಿಂದ ಬಂತು?

ಮರುದಿನ ಬೆಳಿಗ್ಗೆ ಗೊತ್ತಾಯಿತು. ಮಾವ ಲಿಂಗಪೂಜೆ ಮುಗಿಸಿ, ತೀರ್ಥ ತೆಗೆದುಕೊಂಡು, ತಟ್ಟೆಯಲ್ಲಿ ಉಳಿದ ನೀರನ್ನು ಎರಡೂ ಕೈಯಲ್ಲಿ ಹಿಡಿದು ಪಡಸಾಲೆಗೆ ಬಂದರು. ಕಣ್ಣು ಮುಚ್ಚಿ ಏನೋ ಅಂದುಕೊಂಡು ಡಬ್ಬಿಗೆ ಸುರಿದರು. ಅವರ ಹಿಂದೆ, ತಮ್ಮ ಪೂಜೆಯ ನೀರು ಹಿಡಿದು, ಅತ್ತೆ. ಅತ್ತೆಯ ಹಿಂದೆ ಮೈದುನ. ಆಮೇಲೆ, ಅಯ್ಯೋ, ನನ್ನ ಗಂಡ.

ಪೂಜೆಯ ನೀರನ್ನು ಕಾಲು ತುಳಿಯುವ ಜಾಗದಲ್ಲಿ ಚೆಲ್ಲುವ ಹಾಗಿಲ್ಲ. ಗಿಡದ ಬುಡಕ್ಕೇ ಹಾಕಬೇಕು. ಮೊದಲು ಎಲ್ಲರೂ ಹಿತ್ತಲ ಬಾಗಿಲು ದಾಟಿ ಬಾವಿಯ ಹತ್ತಿರದ ಬೇವಿನ ಮರದ ತನಕ ಹೋಗುತ್ತಿದ್ದರು. ಈಗ ಮನೆಯೊಳಗೇ, ಕೈಗೆಟಕುವ ಎತ್ತರದಲ್ಲಿ, ಒಂದು ಗಿಡ ಬಂದು ಕೂತಿತ್ತು. ನನ್ನ ಪೂಜೆಯ ನೀರನ್ನು ಮಾತ್ರ ನಾನು ಮೊದಲಿನ ಹಾಗೆ ಬೇವಿನ ಮರಕ್ಕೇ ಒಯ್ಯುತ್ತಿದ್ದೆ, ಉಳಿದವರೂ ಹಾಗೇ ಮಾಡುತ್ತಾರೆ ಅಂದುಕೊಂಡು.

ಅತ್ತೆಗೆ ಹೇಳಿದೆ. "ಅತ್ತಿ, ನೀರು ಜಾಸ್ತಿ ಆಗಿ ಬೇರು ಕೊಳ್ಯಾಕತ್ತ್ಯಾವ್ರಿ."

"ದೇವರ ನೀರಿಗಿ ಯಾವ ಗಿಡ ಕೊಳೀತದ?" ಎಂದರು. "ನೆಲಕ್ಕ ಚೆಲ್ಲಿ ತುಳೀಲೇನು? ನಿಮ್ಮ ಮಾವನ ಮೊಣಕಾಲು ನೋಯ್ತಾವ. ಹತ್ರ ಒಂದು ಗಿಡ ಆತು ಅಂತ ನಾ ಸಮಾಧಾನ ಮಾಡ್ಕೊಂಡೀನಿ. ನೀ ಒಬ್ಬಾಕಿ."

ಗಂಡನಿಗೆ ಹೇಳಿದೆ. ಅಂಗಳದ ಮೂಲೆಯಲ್ಲಿ ಒಂದೇ ಒಂದು ಹಾಸುಗಲ್ಲು ಎಬ್ಬಿಸಿದರೆ ಬಿಲ್ವದ ಪತ್ರಿಗಿಡ ನೆಡಬಹುದು, ನೀರೆಲ್ಲ ಅದಕ್ಕೇ ಹೋಗಲಿ ಎಂದೆ. ಅವರು ನನ್ನನ್ನು ಗೋಡೆ ಕೆಡವು ಅಂದವಳಂತೆ ನೋಡಿದರು. "ಅಪ್ಪಾ ಕೇಳಿದ್ರ ಏನಂದಾರು? ಮುತ್ಯಾ ಹಾಸಿದ್ದದ. ಒಂದು ಗಿಡಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೋತಿ?" ಎಂದು ಮಗ್ಗುಲಾದರು.

ಉಳಿದಿದ್ದ ಗಟ್ಟಿ ದಂಟೊಂದನ್ನು ಮುರಿದು ಒಡಕು ಗಡಿಗೆಯಲ್ಲಿ ನೆಟ್ಟು ಮಾಳಿಗೆಯ ಮೇಲಿಟ್ಟೆ. ಬಿಸಿಲಿಗೆ ಅದು ಚಿಗುರಿತು. ಒಂದು ದಿನ ಸಂಡಿಗೆ ಒಣಹಾಕಲು ಹತ್ತಿದ ಅತ್ತೆ ಅದನ್ನು ನೋಡಿ, "ಪಾಪ, ಬಿಸಿಲಾಗ ಸಾಯ್ತದಲ್ಲ" ಎಂದು ಕೆಳಗೆ ತಂದು, ಡಬ್ಬಿಯ ಪಕ್ಕದಲ್ಲೇ ಇಟ್ಟು, ಒಂದು ತಂಬಿಗೆ ನೀರು ಹಾಕಿದರು. ನಾನು ಒಲೆಯ ಮುಂದೆ ಕೂತು ಹಲ್ಲು ಕಚ್ಚಿಕೊಂಡೆ. ಸಿಟ್ಟು ಮಾಡಲು ಒಬ್ಬ ಕೆಟ್ಟವರಾದರೂ ಬೇಕಲ್ಲ. ಎಲ್ಲರೂ ಒಳ್ಳೆಯವರೇ, ಗಿಡಕ್ಕೆ ಒಳ್ಳೆಯದೇ ಮಾಡುತ್ತಿದ್ದರು. ಸ್ವಲ್ಪ ದಿನಕ್ಕೆ ಡಬ್ಬಿಯ ಗಿಡವೂ ಹೋಯಿತು, ಗಡಿಗೆಯದೂ ಹೋಯಿತು.

ಮಾಸ್ತರರಿಗೆ ಬೇರೆ ಕಡೆ ಬದಲಿಯಾಗಿ, ಬೇಗಂ ಹೇಳಿಹೋಗಲು ಬಂದರು. ಬಂದವರ ಕಣ್ಣು ಮೊದಲು ಹೋದದ್ದು ಡಬ್ಬಿಯ ಕಡೆಗೇ. ಹತ್ತಿರ ಹೋಗಿ ಮಣ್ಣು ಮುಟ್ಟಿದರು. "ಯೇ ಕ್ಯಾ ಬೇಟಿ? ಇತ್ತಾ ಪಾನೀ?" ಇಷ್ಟು ನೀರು ಯಾಕೆ ಹಾಕಿದೆ, ಹೇಳಿಕಳಿಸಿರಲಿಲ್ಲವೇ ಎಂದರು. ನಮ್ಮ ದೇವರ ನೀರೇ ಗಿಡವನ್ನು ಕೊಂದಿತೆಂದು ಅತ್ತೆಯ ಎದುರಿಗೆ, ಅದೂ ಹೊರಗಿನವರಿಗೆ, ಹೇಗೆ ಹೇಳಲಿ? "ಗೊತ್ತಾಗಲಿಲ್ರಿ" ಎಂದೆ.

ಅತ್ತೆ ಎಲೆಯಡಿಕೆಯ ತಟ್ಟೆ ಮುಂದಿಡುತ್ತ, "ಹೌದ್ರಿ ಬೇಗಂ, ಹುಡುಗಿ ಕೈ ಸುಮ್ನಿರಂಗಿಲ್ಲ. ನಾನೂ ಹೇಳಿ ಹೇಳಿ ಸಾಕಾತು" ಎಂದುಬಿಟ್ಟರು!

ನನ್ನ ಕಿವಿ ಕಾದವು. ಕಣ್ಣಲ್ಲಿ ನೀರು ಬಂತು. ಗಿಡ ಸತ್ತ ದುಃಖಕ್ಕೆ ಅಳುತ್ತಿದ್ದಾಳೆ ಅಂದುಕೊಂಡ ಬೇಗಂ ನನ್ನ ಬೆನ್ನು ಸವರಿದರು. ಸಂಜೆ ತಮ್ಮ ಬಂಗಲೆಯಿಂದ ಇನ್ನೊಂದು ಡಬ್ಬಿ ಕಳಿಸಿದರು. ಆಮೇಲೆ ನಾನು ಅವರನ್ನು ನೋಡಲೇ ಇಲ್ಲ.

ಆ ಡಬ್ಬಿಯನ್ನು ನಾನು ಯಾರನ್ನೂ ಕೇಳದೆ ಕಟ್ಟಿದೆ. ತಿಪಾಯಿ ಹತ್ತಿ, ನೆಲುವಿನ ಹಗ್ಗ ಗಿಡ್ಡ ಮಾಡಿ, ಅಂಗಳದ ಕಡೆಯ ತೊಲೆಯಲ್ಲಿದ್ದ ಕಬ್ಬಿಣದ ಬಳೆಗೆ ಬಿಗಿದೆ. ಯಾರ ಕೈಗೂ ಸಿಗದಷ್ಟು ಮೇಲೆ. ಅತ್ತೆ ಹೊರಗೆ ಬಂದವರೇ ಹಣೆಗೆ ಕೈಹಚ್ಚಿದರು. "ತೊಟ್ಟಿಲು ಕಟ್ಟೋ ಬಳಿ ಅದು! ಅದಕ್ಕ ಗಿಡ ಕಟ್ಟೀದೇನು?"

ನಾನು ಕೆಳಗಿಳಿದೆ. ಬಿಚ್ಚಲಿಲ್ಲ.

ಬೆಳಿಗ್ಗೆ ಮಾವ ತಟ್ಟೆ ಹಿಡಿದು ಬಂದು, ಖಾಲಿ ಮೊಳೆ ನೋಡಿ, ಮೇಲೆ ನೋಡಿ ನಿಂತರು. "ಗಿಡ ಯಾಕ ಮ್ಯಾಲ ಹೋತು?"

"ನಿಮ್ಮ ಸೊಸಿನ್ನೇ ಕೇಳ್ರಿ" ಎಂದರು ಅತ್ತೆ.

ಮಾವನ ಎದುರು ನಾನು ಮಾತಾಡಿದವಳಲ್ಲ. ಬಾಗಿಲ ಹಿಂದೆ ನಿಂತು, ಸೆರಗು ಹಿಡಿದುಕೊಂಡು, "ನೀರು ಹೆಚ್ಚಾದ್ರ ಅದರ ಬೇರು ಕೊಳೀತಾವ್ರಿ ಮಾವಾರ. ಮೊದಲಿಂದು ಹಂಗೇ ಸತ್ತದ" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

"ಹಂಗಿದ್ರ ಮೊದಲೇ ಹೇಳಬಾರದೇನವ್ವ?" ಎಂದು ಮಾವ ತಟ್ಟೆ ಹಿಡಿದುಕೊಂಡು ನಿಧಾನಕ್ಕೆ ಬೇವಿನ ಮರದ ಕಡೆ ಹೋದರು.

ಮೊದಲೇ ಹೇಳಬಾರದೇನು! ನಾನು ಬಾಗಿಲ ಹಿಂದೆಯೇ ಗೋಡೆಗೆ ಒರಗಿದೆ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆ ದಿನದಿಂದ ಎಲ್ಲರೂ ಮತ್ತೆ ಹಿತ್ತಲಿಗೆ ಹೋಗತೊಡಗಿದರು. ಮಾವ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಇಳಿದಾಗಲೆಲ್ಲ ಅತ್ತೆ ನನ್ನ ಕಡೆ ನೋಡುತ್ತಿದ್ದರು.

ಗಿಡ ಹೂ ಬಿಟ್ಟಿತು. ಆದರೆ ಅದು ದುಪಾರಿ ಹೂವು. ಬಿಸಿಲೇರಿದ ಮೇಲೆ ಅರಳಿ, ಹೊತ್ತು ವಾಲುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಅದೇ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಎಲ್ಲರ ಊಟ ಮುಗಿದು, ಪಾತ್ರೆ ತೊಳೆದು ಹೊರಗೆ ಬಂದರೆ ಮೇಲೆ ಮುದುಡಿದ ಮೊಗ್ಗಿನಂಥವು ಮಾತ್ರ. "ಇವತ್ತು ಭಾಳ ಅರಳಿದ್ವು ನೋಡು, ರಾಣಿ ಬಣ್ಣ" ಎಂದು ವರದಿ ಕೊಡುತ್ತಿದ್ದವರು ಅತ್ತೆ! ಬಂದ ನೆಂಟರಿಗೆ "ನಮ್ಮ ಗಿಡ" ಎಂದು ತೋರಿಸುತ್ತಿದ್ದವರೂ ಅವರೇ.

ಹೀಗೇ ಎಷ್ಟೋ ದಿನ ಹೋದವು. ಒಂದು ದಿನ ಹಂಚಿನ ಮೇಲೆ ರೊಟ್ಟಿ ಹಾಕಿ, ಅದನ್ನು ಹಾಗೇ ಬಿಟ್ಟು, ಹಿಟ್ಟಿನ ಕೈಯಲ್ಲೇ ಎದ್ದು ಬಂದೆ. ತೊಲೆಯ ಕೆಳಗೆ ನಿಂತು ಕತ್ತೆತ್ತಿದೆ. ಬಿಸಿಲು ನೇರ ಬಿದ್ದಿತ್ತು. ದಂಟಿನ ತುದಿಗೆಲ್ಲ ಕಡುಗುಲಾಬಿ ಹೂವು ತೆರೆದು ಕೂತಿದ್ದವು, ಎಸಳು ತೆಳ್ಳಗೆ, ನಡುವೆ ಹಳದಿ ಪುಡಿ. ಒಂದು ಜೇನುಹುಳ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು.

ಒಳಗಿಂದ ರೊಟ್ಟಿ ಸೀದ ವಾಸನೆ ಬಂತು. "ಎಲ್ಲಿ ಹೋದಿ?" ಎಂದು ಅತ್ತೆ ಕೂಗಿದರು. ಇನ್ನೊಮ್ಮೆ ಕೂಗಿದರು. ನಾನು ಓಗೊಡಲಿಲ್ಲ, ಆ ಜೇನುಹುಳ ಹಾರಿಹೋಗುವ ತನಕ ಅಲ್ಲೇ ನಿಂತಿದ್ದೆ.