ಮೆರಿಟ್ ಬಂತು, ಬಡತನ ಹೋಯಿತು

"ನಿಮ್ಮ ಮಗಳಿಗೆ ಮೆರಿಟ್ ಸ್ಕಾಲರ್‌ಶಿಪ್ ಬಂದಿದೆ ಮೇಡಂ, ಸಂತೋಷ. ಅದಕ್ಕೇ ಇಷ್ಟು ದಿನ ಕೊಡ್ತಿದ್ದ ಬಡವರ ಫೀಸ್ ರಿಯಾಯಿತಿ ತೆಗೆದಿದ್ದೀವಿ" ಎಂದರು ಕಾಲೇಜಿನ ಗುಮಾಸ್ತರು. ಬಂದದ್ದು ಎಷ್ಟೋ ಹೋದದ್ದೂ ಅಷ್ಟೇ.

ನಾನು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸದವಳು. ಬೆಳಿಗ್ಗೆ ಚಿಕ್ಕಬಾಣಾವರದ ಬಾಡಿಗೆ ಮನೆಯಿಂದ ಹೊರಟಾಗ ಬಡವಳೇ ಆಗಿದ್ದೆ. ಫೀಸ್ ಕೌಂಟರಿನ ಮುಂದೆ ನಿಂತ ಕೂಡಲೇ ಬಡತನ ನೀಗಿಹೋಯಿತು. ಇಷ್ಟು ಸುಲಭ ಎಂದು ಗೊತ್ತಿದ್ದರೆ ಇಷ್ಟು ವರ್ಷ ಓವರ್‌ಟೈಮ್ ಯಾಕೆ ಮಾಡುತ್ತಿದ್ದೆ?

ಪಕ್ಕದಲ್ಲಿದ್ದ ಮಗಳು ವಿನಯದಿಂದಲೇ ಕೇಳಿದಳು: "ಸಾರ್, ಮುಂದಿನ ವರ್ಷ ಮಾರ್ಕ್ಸ್ ಕಡಿಮೆ ತಗೊಂಡ್ರೆ ಮತ್ತೆ ಬಡವರಾಗ್ತೀವಾ?"

ಅವರು ನಗಲಿಲ್ಲ. ಸ್ವಲ್ಪ ಯೋಚಿಸಿ, "ಆಗ್ಬಹುದಮ್ಮ. ಹೊಸದಾಗಿ ಅರ್ಜಿ ಹಾಕ್ಬೇಕಾಗುತ್ತೆ, ಅಷ್ಟೇ" ಎಂದರು.

ಅವಳು ಕಡಿಮೆ ತೆಗೆದುಕೊಳ್ಳಲಿಲ್ಲ. ಮರುವರ್ಷವೂ ಕ್ಲಾಸಿಗೇ ಫಸ್ಟ್ ಬಂದಳು. ನನ್ನ ಭಾನುವಾರದ ಡ್ಯೂಟಿಯೂ ನಿಲ್ಲಲಿಲ್ಲ. ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರು ಅವಳಿಗೆ ಶಾಲು ಹೊದಿಸಿ, "ಕಡುಬಡತನದಲ್ಲಿ ಅರಳಿದ ಪ್ರತಿಭೆ" ಎಂದು ಮೈಕಿನಲ್ಲಿ ಹೊಗಳಿದರು.

ಕೌಂಟರಿನಲ್ಲಿ ಇಲ್ಲವಾಗಿದ್ದ ನಮ್ಮ ಬಡತನ ವೇದಿಕೆಯ ಮೇಲೆ ಹೀಗೆ ವಾಪಸ್ ಸಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಸಿಟ್ಟು ಬಂದಿತ್ತು, ಕಣ್ಣಲ್ಲಿ ನೀರೂ ಬಂದಿತ್ತು.