ಒರೆಸಿದ ಹೊಸ್ತಿಲು

ಪ್ರೊಫೆಸರರ ಬರಹಗಳೆಲ್ಲ ಸೇರಿ ಒಂದು ದಪ್ಪ ಸಂಪುಟವಾಗಿ ಬರಲಿವೆಯಂತೆ. ಅದರ ಬೆನ್ನುಪುಟಕ್ಕೆ ನಾನು ನಾಲ್ಕು ಒಳ್ಳೆಯ ಮಾತು ಬರೆದುಕೊಡಬೇಕಂತೆ. ವಿಜಯಪುರದ ಸಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವವನ ಮೆಚ್ಚುಗೆ ಯಾರಿಗೆ ಬೇಕು? ಮುಖಪುಟಕ್ಕೆ ಆರಿಸಿರುವ ಫೋಟೊ ನಮ್ಮ ಮನೆಯದು, ಅದಕ್ಕೆ ಕೇಳಿದ್ದಾರೆ. ಒಳ್ಳೆಯ ಮಾತು ನನ್ನ ಬಳಿ ಒಂದೂ ಇಲ್ಲ.

ಅವರು ಕಲೆ ಮತ್ತು ಕಟ್ಟಡಗಳ ಇತಿಹಾಸಕಾರರು, ಕಟ್ಟಾ ಆಧುನಿಕರು. ಒಂದು ಕಾಲಕ್ಕೆ ಅವರ ಪುಸ್ತಕಗಳನ್ನು ನಾನು ಬಾಯಿಪಾಠ ಮಾಡಿದ್ದೆ. ನೆನೆದರೆ ಈಗ ನಾಚಿಕೆಯಾಗುತ್ತದೆ. ಎಲ್ಲದರಲ್ಲೂ ಇರುವುದು ಒಂದೇ ಹಟ: ಅಲಂಕಾರವೆಂದರೆ ಕಸ, ಅದನ್ನು ಗುಡಿಸಿದ ಮೇಲೆ ಉಳಿಯುವುದೇ ಕಟ್ಟಡ. ಗೋಳಗುಮ್ಮಟದ ಬೋಳು ಗೋಡೆಗೆ ಒಂದು ಇಡೀ ಅಧ್ಯಾಯ, ಇಬ್ರಾಹಿಂ ರೋಜಾದ ಕೆತ್ತನೆಗೆ ಎರಡು ಸಾಲು ಬೈಗುಳ. ಆ ಕಲ್ಲಿನ ಮುಂದೆ ಕೈ ಸವೆಸಿದವರ ಸುದ್ದಿಯೇ ಇಲ್ಲ. ಮನುಷ್ಯರೆಂದರೆ ಅವರ ಪಾಲಿಗೆ ಫೋಟೊಕ್ಕೆ ಅಡ್ಡ ಬರುವವರು.

ಮಣ್ಣಿನ ಮಾಳಿಗೆಯ ಮನೆಗಳ ಮೇಲೆ ಅವರು ಪುಸ್ತಕ ಬರೆಯುತ್ತಿದ್ದಾಗ, ನಾನೇ ಮುಂದೆ ಬಿದ್ದು ಅವರನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಬಲೇಶ್ವರದ ಹತ್ತಿರದ ಜೈನಾಪುರಕ್ಕೆ, ನಮ್ಮ ಮನೆಗೆ ಕರೆದೊಯ್ದೆ. ದೊಡ್ಡ ಮನುಷ್ಯರು ಬರುತ್ತಾರೆಂದು ಅವ್ವ ನಸುಕಿನಲ್ಲೇ ಅಂಗಳ ಸಾರಿಸಿ, ದಿನದ ನಾಲ್ಕು ಗೆರೆಯ ಬದಲು ನವಿಲು, ಕಮಲ ಎಲ್ಲ ಬಿಡಿಸಿದ್ದಳು. ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿದ್ದಳು.

"ಬರ್ರಿ ಸರ, ಕುಂಡ್ರಿ," ಎಂದು ತಿಕೋಟಾದ ಒಣದ್ರಾಕ್ಷಿಯ ತಟ್ಟೆ ಮುಂದಿಟ್ಟಳು.

ಅವರು ಮುಷ್ಟಿ ತುಂಬ ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳುತ್ತ, "ಈ ಗೀಚೆಲ್ಲ ಅಳಿಸಬೇಕು. ಕೊಡ, ಬೀಸುವ ಕಲ್ಲು ಒಳಗಿಡಿ. ಆ ಹೆಂಗಸು ಆಚೆ ನಿಲ್ಲಲಿ," ಎಂದರು.

ಆ ಹೆಂಗಸು! ಅವಳ ದ್ರಾಕ್ಷಿ ಇನ್ನೂ ಅವರ ಬಾಯಲ್ಲಿತ್ತು.

ಅವ್ವ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಕರೆದಳು. "ಮುಂಜಾನಿ ಹಾಕಿದ ರಂಗೋಲಿ ಅಳಸಬಾರದೋ ಯಪ್ಪಾ. ಸತ್ತವರ ಮನಿ ಮುಂದಷ್ಟ ರಂಗೋಲಿ ಇರೂದಿಲ್ಲ. ನಿಮ್ಮಪ್ಪ ಹೊಲಕ್ಕ ಹೋಗ್ಯಾನ, ಇನ್ನ ಬಂದಿಲ್ಲ."

"ಎರಡ ನಿಮಿಷದ ಕೆಲಸ ಬೇ. ಆಮ್ಯಾಲ ಮತ್ತ ಹಾಕು," ಎಂದೆ.

ಅವ್ವ ಬಿಸಿಲಲ್ಲಿ ಬೇಲಿಯ ಆಚೆ ಹೋಗಿ ನಿಂತಳು. ಒದ್ದೆ ಅರಿವೆಯಿಂದ ನವಿಲು, ಕಮಲ, ಕುಂಕುಮ ಎಲ್ಲವನ್ನೂ ನಾನೇ ಒರೆಸಿದೆ. ಅವರು ಹೇಳಿದ್ದರೆ ಬಾಗಿಲ ತೋರಣವನ್ನೂ ಕಿತ್ತು ಹಾಕುತ್ತಿದ್ದೆ, ಅಷ್ಟು ಮಂಕು ಕವಿದಿತ್ತು. ಅವರು ಫೋಟೊ ತೆಗೆಯುತ್ತ ತೆಗೆಯುತ್ತ, ಎರಡು ನಿಮಿಷವೆಂದದ್ದು ಇಡೀ ಮಧ್ಯಾಹ್ನವಾಯಿತು. ಹೋಗುವಾಗ ಅವರು ಅವ್ವನ ಕಡೆ ತಿರುಗಿಯೂ ನೋಡಲಿಲ್ಲ.

ಪುಸ್ತಕ ಬಂದಾಗ ಆ ಫೋಟೊದ ಕೆಳಗೆ "ಶುದ್ಧ ರೂಪ" ಎಂದಷ್ಟೇ ಇತ್ತು. ಊರಿನ ಹೆಸರಿಲ್ಲ, ಕಟ್ಟಿದವರ ಹೆಸರಿಲ್ಲ, ನಲವತ್ತು ವರ್ಷ ಆ ಮನೆಯನ್ನು ಸಾರಿಸಿ ಬಳಿದವಳ ಹೆಸರಂತೂ ಇಲ್ಲವೇ ಇಲ್ಲ. ಸಿಟ್ಟಿನಿಂದ ಪುಸ್ತಕವನ್ನು ಗಂಟು ಕಟ್ಟಿ ಅಟ್ಟಕ್ಕೆ ಎಸೆದೆ. ಅವ್ವನಿಗೆ ತೋರಿಸಲಿಲ್ಲ.

ಮೊನ್ನೆ ಮುಖಪುಟದ ಪ್ರತಿ ಅಂಚೆಯಲ್ಲಿ ಬಂತು. ಅವ್ವ ಆ ದಿನ ನಮ್ಮಲ್ಲೇ, ವಿಜಯಪುರದಲ್ಲಿದ್ದಳು. ಲಕೋಟೆ ಒಡೆದು ಮೇಜಿನ ಮೇಲಿಟ್ಟಿದ್ದನ್ನು ತಾನೇ ತೆಗೆದುಕೊಂಡು, ಮೂಗಿಗೆ ಚಾಳೀಸು ಏರಿಸಿ ಬಹಳ ಹೊತ್ತು ನೋಡಿದಳು. ಬೋಳು ಅಂಗಳ, ಬೋಳು ಹೊಸ್ತಿಲು, ಒಂದು ನರಪಿಳ್ಳೆ ಇಲ್ಲ.

"ಅಯ್ಯ, ಪಾಪ. ಯಾರ ಮನೀನೋ ಇದು? ಯಾರ ತೀರ್ಕೊಂಡಾರ?"

"ಯಾರದೋ ಬೇ," ಎಂದೆ.

"ಗುರ್ತಿನವ್ರಿದ್ರ ಹೋಗಿ ಮಾತಾಡ್ಸಿ ಬಾ ಯಪ್ಪಾ. ಇಂಥಾ ಹೊತ್ತಿನ್ಯಾಗ ಹೋಗದಿದ್ರ ಛಲೋ ಅಲ್ಲ," ಎಂದು ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.